ಕಡಗದ ಆಟ

“ಗುರುಗಳ, ನನ್ನ ಕತಿ ಗೆದ್ದೈತೋ ಸೋತೈತೋ? ನೀವರ ಹೇಳ್ರಿ” ಎಂದು ಮಹಾರುದ್ರ ಕೇಳಿದ.

ಅವನು ಚನ್ನಮಲ್ಲಯ್ಯ ಗುರುಗಳ ಹಳೆಯ ಶಿಷ್ಯ. ಅಕ್ಷರ ತಿದ್ದಿದ್ದು, ಮೊದಲ ಕತೆ ಬರೆದು ಬೈಸಿಕೊಂಡಿದ್ದು ಎಲ್ಲವೂ ಅವರ ಹತ್ತಿರವೇ. ಈಗ ಅವನು ಹೆಸರು ಮಾಡಿದ ಲೇಖಕ. ಅವನ ಕಾದಂಬರಿ ಆ ವರ್ಷ ಸಿನಿಮಾ ಆಗಿತ್ತು. ಸಿನಿಮಾ ಬಿಡುಗಡೆಯಾದ ದಿನದಿಂದ ಅವನಿಗೆ ಅನ್ನ ರುಚಿಸುತ್ತಿರಲಿಲ್ಲ. ಕಾದಂಬರಿ ಓದಿದವರು ಫೋನು ಮಾಡಿ, ನಮ್ಮ ನಾಯಕಿಯನ್ನು ಹಾಳು ಮಾಡಿದರಲ್ಲ ಎಂದು ಅವನ ಮೇಲೇ ಸಿಟ್ಟಾಗುತ್ತಿದ್ದರು. ಓದದವರು, ಪುಸ್ತಕಕ್ಕಿಂತ ಸಿನಿಮಾನೇ ಮೇಲು ಎಂದು ಆಣೆ ಮಾಡಿ ಹೇಳುತ್ತಿದ್ದರು. ಎರಡನ್ನೂ ಮುಟ್ಟದವರಿಗೆ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಇದರ ಮೇಲೆ ಪ್ರಶಸ್ತಿಗಳ ಕಾಲ ಹತ್ತಿರ ಬಂದಿತ್ತು. ಈ ಸಲ ಇದಕ್ಕೇ ಬರುವುದು ಎಂದು ಟೀವಿಯವರು ದಿನವೂ ಹೇಳುತ್ತಿದ್ದರು. ಊರಿನ ಸಂಘದವರಂತೂ ಸನ್ಮಾನದ ಬ್ಯಾನರನ್ನೇ ಮಾಡಿಸಿ, ಪ್ರಶಸ್ತಿಯ ಹೆಸರು ಬರೆಯುವಷ್ಟು ಜಾಗ ಖಾಲಿ ಬಿಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ.

ಯಾರು ಯಾರು ಏನೇನು ಅಂದರು ಎಂಬುದನ್ನು ಮಹಾರುದ್ರ ಒಂದನ್ನೂ ಬಿಡದೆ ಒಪ್ಪಿಸಿದ. ಹೊಗಳಿದವರ ಮಾತು ಹೇಳುವಾಗ ಅವನ ಮುಖ ಅರಳುತ್ತಿತ್ತು. ತೆಗಳಿದವರ ಮಾತು ಬಂದಾಗ ದನಿ ಏರುತ್ತಿತ್ತು. ಅವನು ಸುಸ್ತಾಗಿ ನೀರು ಕುಡಿದ ಮೇಲೆ ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಅಣ್ಣನೂ ನೇಕಾರ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಮಗ್ಗ ಆಡಿದರೆ ಆ ಕಡೆ ಕೇಳಿಸುತ್ತಿತ್ತು. ಆದರೆ ಅಣ್ಣತಮ್ಮಂದಿರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ತಪ್ಪು ತಮ್ಮನದು. ಒಮ್ಮೆ ಸಂತೆಯಲ್ಲಿ, ನಾಲ್ಕು ಜನ ನಗಲಿ ಎಂದು, ನಮ್ಮಣ್ಣ ನೇಯ್ದ ಸೀರೆಯಲ್ಲಿ ಹಿಟ್ಟು ಸೋಸಬಹುದು ಎಂದುಬಿಟ್ಟಿದ್ದ. ನಾಲ್ಕು ಜನ ನಕ್ಕರು. ಅಣ್ಣ ಹಿಂದೆಯೇ ನಿಂತಿದ್ದ. ಅವನು ನಗಲಿಲ್ಲ, ಬೈಯಲೂ ಇಲ್ಲ. ಸೀರೆಗಳ ಗಂಟು ಎತ್ತಿಕೊಂಡು ಮನೆಗೆ ಹೋದ. ಅಂದಿನಿಂದ ತಮ್ಮನ ಮುಖಕ್ಕೆ ಮುಖ ಕೊಡಲಿಲ್ಲ.

ತಮ್ಮನಿಗೆ ಒಳಗೇ ಬೇಯುತ್ತಿತ್ತು. ತಪ್ಪಾಯಿತು ಎನ್ನಲು ಎಷ್ಟೋ ಸಲ ಅಣ್ಣನ ಬಾಗಿಲವರೆಗೂ ಹೋದ. ಅಲ್ಲಿ ನಾಲಿಗೆ ಏಳುತ್ತಿರಲಿಲ್ಲ. ತಿರುಗಿ ಬರುತ್ತಿದ್ದ. ಬಾಯಿಬಿಟ್ಟು ಹೇಳಲಾಗದ್ದನ್ನು ಕೊನೆಗೆ ಒಂದು ಕತೆ ಮಾಡಿದ. ಕತೆಯಲ್ಲಿ ಇಬ್ಬರು ಅಂಬಿಗರು. ಅಣ್ಣತಮ್ಮಂದಿರು. ಒಂದೇ ಹೊಳೆಯಲ್ಲಿ ಬೇರೆ ಬೇರೆ ದೋಣಿ ನಡೆಸುವವರು, ಒಬ್ಬರ ಕಡೆ ಒಬ್ಬರು ನೋಡದವರು. ಕಡೆಯಲ್ಲಿ ಹೊಳೆಗೆ ನೆರೆ ಬರುತ್ತದೆ. ತಮ್ಮ ತನ್ನ ದೋಣಿಯನ್ನು ಅಣ್ಣನ ದೋಣಿಗೆ ತಾಗಿಸಿ ಹಿಡಿದು, ತಪ್ಪು ನನ್ನದು ಅಣ್ಣಾ, ಎನ್ನುತ್ತಾನೆ. ಅಲ್ಲಿಗೆ ಕತೆ ಮುಗಿಯುತ್ತದೆ. ಆ ಒಂದು ಮಾತಿಗಾಗಿಯೇ ಅವನು ಅಷ್ಟುದ್ದದ ಕತೆ ನೇಯ್ದಿದ್ದ.

ನೇಕಾರರು ಅಮಾವಾಸ್ಯೆಯ ದಿನ ಮಗ್ಗಕ್ಕೆ ಬಿಡುವು ಕೊಡುತ್ತಾರೆ. ಆ ಬಿಡುವಿನಲ್ಲಿ ಅವನು ಕತೆ ಹೇಳುತ್ತಿದ್ದ. ಓಣಿಯವರೆಲ್ಲ ಬಂದು ಕೂರುತ್ತಿದ್ದರು. ಅಣ್ಣ ಮಾತ್ರ ಬರಲಿಲ್ಲ. ಬರಲಿ ಎಂದು ತಮ್ಮ ಕತೆಯನ್ನು ಇನ್ನಷ್ಟು ಚೆಂದ ಮಾಡಿದ. ಕತೆ ಚೆಂದವಾದಷ್ಟೂ ಬೇರೆಯವರು ಹೆಚ್ಚು ಬಂದರು. ಹೀಗೆ ಅದು ಊರೂರಿಗೆ ಹಬ್ಬಿ, ಆಟ ಆಡಿಸುವ ಒಂದು ಮೇಳದ ಯಜಮಾನನ ಕಿವಿಗೂ ಬಿತ್ತು. ಅವನು ಬಂದು, ಈ ಕತೆಯನ್ನು ಆಟ ಕಟ್ಟುತ್ತೇನೆ, ಕೊಡು ಎಂದ. ನೇಕಾರ ಹಿಗ್ಗಿ ಹೀರೇಕಾಯಿಯಾದ. ತನ್ನ ಮನೆಗೆ ಬಾರದ ಅಣ್ಣ ಊರ ಬಯಲಿಗಾದರೂ ಬಂದಾನು ಎಂಬ ಆಸೆ ಅವನಿಗೆ.

ಯಜಮಾನ ಕತೆಯನ್ನು ತನಗೆ ಬೇಕಾದಂತೆ ತಿದ್ದಿಕೊಂಡ. ಮೇಳದ ಪೆಟ್ಟಿಗೆಯಲ್ಲಿ ಇದ್ದದ್ದು ಕಿರೀಟ, ಕತ್ತಿ, ಭುಜಕೀರ್ತಿ. ಅಂಬಿಗರಿಗೆ ಉಡಿಸಲು ಏನೂ ಇರಲಿಲ್ಲ. ಆದ್ದರಿಂದ ಅಂಬಿಗರು ರಾಜಕುಮಾರರಾದರು. ಅಡ್ಡಾಡುವ ದೋಣಿಗಳು ರಥಗಳಾದವು. ನೆರೆ ಬರುವಲ್ಲಿ ಯುದ್ಧ ಬಂತು. ಊರಿನ ಒಬ್ಬ ವ್ಯಾಪಾರಿ ಆಟಕ್ಕೆ ಊಟದ ವ್ಯವಸ್ಥೆ ಮಾಡಲು ಒಪ್ಪಿದ್ದ. ಅವನ ಭಾವಮೈದನಿಗೆ ಹೆಣ್ಣುದನಿಯಲ್ಲಿ ಹಾಡುವ ಹುಚ್ಚು. ಹಾಗಾಗಿ ಕತೆಯಲ್ಲಿ ಇಲ್ಲದ ಒಬ್ಬ ರಾಜಕುಮಾರಿಯೂ ಹುಟ್ಟಿದಳು.

ಅಮಾವಾಸ್ಯೆಯ ಕತೆ ಕೇಳಿದವರು ಆಟದ ತಾಲೀಮು ನೋಡಿ ಕೆರಳಿದರು. ನಮ್ಮ ಅಂಬಿಗನಿಗೆ ಕಿರೀಟವೇ ಎಂದು ನೇಕಾರನ ಜಗಲಿಗೆ ಬಂದು ಜಗಳಕ್ಕೆ ನಿಂತರು. ದೊಡ್ಡ ಅಂಬಿಗನಿಗೆ ಹುರಿಮೀಸೆ ಇತ್ತು, ಈ ಪಾತ್ರಧಾರಿಗೆ ಮೀಸೆಯೇ ಇಲ್ಲ ಎಂದು ಒಬ್ಬ ಕೂಗಿದ. ಮೀಸೆ ಎಲ್ಲಿತ್ತು, ಅವನು ಎಳೆಯ ಪ್ರಾಯದವನು ಎಂದು ಇನ್ನೊಬ್ಬ. ಇಬ್ಬರೂ ಕೈ ಕೈ ಮಿಲಾಯಿಸುವುದೊಂದು ಬಾಕಿ. ನೇಕಾರ ತನ್ನ ಕತೆಯನ್ನು ಮೊದಲಿಂದ ನೆನೆಸಿಕೊಂಡ. ಅಂಬಿಗನ ಮೀಸೆಯ ವಿಷಯ ಅವನು ಎಲ್ಲಿಯೂ ಹೇಳಿರಲಿಲ್ಲ.

ಕಿರೀಟವೋ, ರಥವೋ, ಅವನು ಎಲ್ಲಕ್ಕೂ ಹೂಂ ಎಂದ. ಕಡೆಯ ಮಾತೊಂದನ್ನು ಮುಟ್ಟಬೇಡ ಎಂದು ಮಾತ್ರ ಯಜಮಾನನ ಕೈಹಿಡಿದು ಬೇಡಿಕೊಂಡ. ಯಜಮಾನ ಒಳ್ಳೆಯವನು. ಆ ಮಾತನ್ನು ಹಾಗೆಯೇ ಉಳಿಸುತ್ತೇನೆ ಎಂದು ಭಾಷೆ ಕೊಟ್ಟ, ಉಳಿಸಿದ ಕೂಡ.

ಆ ಸೀಮೆಯ ದೇಸಾಯಿ ವರ್ಷಕ್ಕೊಮ್ಮೆ ಒಳ್ಳೆಯ ಆಟವೊಂದನ್ನು ಆರಿಸಿ, ಅದರ ಕತೆ ಕಟ್ಟಿದವನಿಗೆ ಬೆಳ್ಳಿಯ ಕಡಗ ತೊಡಿಸುತ್ತಿದ್ದ. ಆ ದಿನಗಳು ಬಂದವು ಎಂದರೆ ಸೀಮೆಯ ಜನಕ್ಕೆ ಬೇರೆ ಮಾತಿಲ್ಲ. ಮೇಳದವರು ಊರೂರಿಗೆ ಹೋಗಿ ಹಲಗೆ ಬಾರಿಸಿ, ಕಡಗದ ಆಟ ಬರುತ್ತಿದೆ ಎಂದು ಸಾರಿದರು. ವ್ಯಾಪಾರಿ ತನ್ನಲ್ಲಿ ಮಾರದೆ ಉಳಿದ ಪಂಚೆಗಳಿಗೆಲ್ಲ ಕಡಗದ ಪಂಚೆ ಎಂದು ಹೆಸರಿಟ್ಟು ಮಾರಿದ. ಆಟ ಇನ್ನೂ ಒಮ್ಮೆಯೂ ಆಗಿರಲಿಲ್ಲ. ಅಷ್ಟರಲ್ಲೇ, ಅಂಥ ಆಟ ಹಿಂದೆ ಆಗಿಲ್ಲ, ಮುಂದೆ ಆಗುವುದಿಲ್ಲ ಎಂದು ಜನ ಆಡಿಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಸೀಮೆಯಲ್ಲೂ ಇರುತ್ತಾರೆ. ಆದರೆ ಆ ಹಲಗೆಯ ಸದ್ದಿನಿಂದ ಒಂದು ಒಳ್ಳೆಯದೂ ಆಯಿತು. ಇಡೀ ಊರೇ ಹೊರಟಾಗ ಅಣ್ಣನಿಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಅವನೂ ಬಂದ. ಎಲ್ಲರಿಗಿಂತ ಹಿಂದೆ, ಒಂದು ಬೇವಿನ ಮರದ ಬುಡದಲ್ಲಿ, ಬಂದೂ ಬಾರದವನ ಹಾಗೆ ಓರೆಯಾಗಿ ಕೂತ. ತಮ್ಮ ಅದನ್ನು ದೂರದಿಂದಲೇ ಕಂಡ. ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆ ಊರಲ್ಲಿ ಆಟ ಹಗಲಿನಲ್ಲಿ ನಡೆಯುತ್ತಿತ್ತು. ಹಿಂದೆ ಒಮ್ಮೆ ಪಂಜಿನ ಕಿಡಿ ಹಾರಿ ಬಣವೆಗಳು ಸುಟ್ಟಿದ್ದವು. ಹೊತ್ತು ಮುಳುಗಿದ ಮೇಲೆ ಆಟ ಕೂಡದು ಎಂದು ಹಿರಿಯರು ಕಟ್ಟು ಮಾಡಿದ್ದರು. ಆಟ ಬೆಳಗ್ಗೆಯೇ ಸುರುವಾಯಿತು. ಚೆನ್ನಾಗಿಯೇ ಸಾಗಿತು. ಆಮೇಲೆ ಆಯೇರಿ ಸುರುವಾಯಿತು. ಆಯೇರಿ ಎಂದರೆ ನೋಡುವವರು ಆಟದವರಿಗೆ ಮಾಡುವ ಉಡುಗೊರೆ. ಯಾರಾದರೂ ಆಯೇರಿ ಮಾಡಿದರೆ ಆಟ ನಿಲ್ಲಬೇಕು. ಕೊಟ್ಟವನ ಹೆಸರು, ಅವನ ಅಪ್ಪನ ಹೆಸರು, ಮನೆತನದ ಹೆಸರು ಹೇಳಿ ಸಾರಬೇಕು. ಕೂತವರಲ್ಲಿ ಒಬ್ಬ ಎದ್ದು ವಿದೂಷಕನ ಹೆಗಲಿಗೆ ವಲ್ಲಿ ಹೊದಿಸಿದ. ಅವನ ಹೆಸರು ಸಾರಿದ್ದು ಕೇಳಿ ಅವನ ಬೀಗ ಸುಮ್ಮನಿರಲಾರದೆ ರಾಜಕುಮಾರಿಗೆ ಸೀರೆ ಹೊದಿಸಿದ. ಯುದ್ಧದಲ್ಲಿ ಎತ್ತಿದ ಕತ್ತಿ ಮೇಲೆಯೇ ನಿಂತಿತ್ತು. ಸತ್ತು ಬಿದ್ದ ಸೇನಾಪತಿ ಎದ್ದು ಕೂತು ರುಮಾಲು ಕಟ್ಟಿಸಿಕೊಂಡು ಮತ್ತೆ ಸತ್ತ.

ಹೊತ್ತು ಇಳಿಯುತ್ತಿತ್ತು. ನೇಕಾರ ಒಮ್ಮೆ ಸೂರ್ಯನನ್ನು, ಒಮ್ಮೆ ಬೇವಿನ ಮರವನ್ನು ನೋಡುತ್ತ ಚಡಪಡಿಸುತ್ತಿದ್ದ. ಆಗ ವ್ಯಾಪಾರಿ ಎದ್ದು, ಕತೆ ಕಟ್ಟಿದ ನೇಕಾರನಿಗೆ ನನ್ನದೊಂದು ಶಾಲು ಎಂದ. ನೇಕಾರ ಮೇಲೆ ಹೋದ. ಜನ ಕೇಕೆ ಹಾಕಿದರು. ಶಾಲು ಹೊದ್ದಾಗ ಅವನಿಗೆ ಸುಖವಾಯಿತು. ಅವನು ಕೆಳಗೆ ಇಳಿಯುವಷ್ಟರಲ್ಲಿ ಇನ್ನೊಬ್ಬನ ಶಾಲು ಬಂತು. ಅದರ ಮೇಲೆ ಮತ್ತೊಂದು. ಬಿಸಿಲಿನಲ್ಲಿ ಬೆವರು ಸುರಿಯುತ್ತಿದ್ದರೂ ಒಂದನ್ನೂ ತೆಗೆಯಲಿಲ್ಲ. ನಾಲ್ಕು ಮಾತು ಆಡಿಬಿಡು ಎಂದು ಯಾರೋ ಕೂಗಿದರು. ನೇಕಾರ ಆಡಿದ. ಮೇಳದವರನ್ನು ನೆನೆದ. ಊಟ ಹಾಕಿದವರನ್ನು ನೆನೆದ. ಹಲಗೆಯವರನ್ನು, ಚಪ್ಪರದವರನ್ನು, ದೇಸಾಯಿಯ ಅಜ್ಜನನ್ನೂ ನೆನೆದ. ಅಣ್ಣನ ಬಾಗಿಲಲ್ಲಿ ಏಳದ ನಾಲಿಗೆ ಅಲ್ಲಿ ನಿಲ್ಲಲೇ ಇಲ್ಲ. ಅವನು ಕೈಮುಗಿದು ತಲೆ ಎತ್ತಿದಾಗ ಸೂರ್ಯ ಇರಲಿಲ್ಲ. ಪರದೆ ಬಿತ್ತು.

ಕಡೆಯ ಮಾತು ಪರದೆಯ ಹಿಂದೆ ಪಾತ್ರಧಾರಿಯ ಬಾಯಲ್ಲೇ ಉಳಿಯಿತು. ಬೇವಿನ ಮರದ ಬುಡ ಖಾಲಿಯಾಗಿತ್ತು. ಆಟ ಅರ್ಧಕ್ಕೆ ನಿಂತಿತು ಎಂದು ಯಾರೂ ಅನ್ನಲಿಲ್ಲ. ನೇಕಾರನ ಭಾಷಣವೇ ಆಟದ ಕೊನೆ ಎಂದು ಬಹಳ ಜನ ತಿಳಿದಿದ್ದರು. ಎಂಥ ಕೊನೆ ಎಂದು ಕೆಲವರು ಕಣ್ಣೊರೆಸಿಕೊಂಡರು. ಕಡಗ ಈ ಆಟಕ್ಕೇ ಎಂದು ದೇಸಾಯಿಯ ಕಡೆಯವರು ಅಲ್ಲಿಯೇ ಹೇಳಿ ಹೋದರು. ನೇಕಾರ ಶಾಲುಗಳ ಹೊರೆ ಹೊತ್ತು ಮನೆಗೆ ಬಂದ. ತನ್ನ ಕತೆಯನ್ನು ತಾನೇ ಕೊಂದೆ ಎಂದು ಅವನಿಗೆ ಗೊತ್ತಿತ್ತು. ಅವನಿಗೆ ನಾಚಿಕೆಯಾಗಿತ್ತು.

ಮರುದಿನ ಬೆಳಗ್ಗೆ ಗೋಡೆಯ ಆ ಕಡೆ ಮಗ್ಗ ಆಡಲು ಹತ್ತಿತು. ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ಆಡಿತು, ಮತ್ತೆ ನಿಂತಿತು. ಆಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಅಣ್ಣ ಬಂದು ನಿಂತಿದ್ದ.

“ಕಡೀಗೆ ಏನಾತೋ?” ಎಂದ ಅಣ್ಣ.

ನೇಕಾರ ಎದ್ದು ನಿಂತ. ಅಲ್ಲಿ ಹಲಗೆ ಇರಲಿಲ್ಲ, ಜನ ಇರಲಿಲ್ಲ.

“ತಪ್ಪು ನಂದು, ಅಣ್ಣಾ” ಎಂದ.

ಅಣ್ಣ ಅವನನ್ನು ನೋಡಿದ. ಮೂಲೆಯಲ್ಲಿ ಬಿದ್ದಿದ್ದ ಶಾಲುಗಳನ್ನೂ ನೋಡಿದ.

“ಇಷ್ಟು ಹೇಳಾಕ ಅಷ್ಟು ಮಂದಿ ಬೇಕಾಗಿತ್ತೇನೋ?” ಎಂದ.

ಆಮೇಲೆ ಒಳಗೆ ಬಂದು ಕೂತ. ಅಂದು ಎರಡು ಮನೆಗೂ ಒಂದೇ ಒಲೆಯ ಮೇಲೆ ರೊಟ್ಟಿ ಬೆಂದವು. ಕಡಗದ ದಿನ ದೇಸಾಯಿಯ ವಾಡೆಗೆ ಅಣ್ಣತಮ್ಮಂದಿರು ಕೂಡಿಯೇ ಹೋದರು. ನೇಕಾರ ಕಡಗ ತೊಟ್ಟು, ಕೈಮುಗಿದು, ಬಾಯಿ ತೆರೆಯದೆ ಇಳಿದು ಬಂದ. ಇವನಿಗೆ ಸೊಕ್ಕು ಬಂತು ಎಂದು ಜನ ಆಡಿಕೊಂಡರು.

ಕತೆ ಮುಗಿಯಿತು. ಸೇನಾಪತಿ ಎದ್ದು ಕೂತ ಕಡೆಯಿಂದಲೂ ಮಹಾರುದ್ರ ನಗುತ್ತಲೇ ಇದ್ದ. ಬಹಳ ದಿನಗಳ ಮೇಲೆ ಅವನ ಎದೆ ಹಗುರಾಗಿತ್ತು. ಹಾಗಾದರೆ ಸಿನಿಮಾ, ಪ್ರಶಸ್ತಿ, ಸನ್ಮಾನ ಎಲ್ಲ ಬಿಟ್ಟುಬಿಡಬೇಕು ಎನ್ನುತ್ತೀರಾ ಎಂದು ಕೇಳಿದ. ಹಾಗೆ ಯಾರು ಅಂದರು ಎಂದು ಗುರುಗಳೂ ನಕ್ಕರು. ಹಲಗೆ ಬಾರಿಸದಿದ್ದರೆ ಅಣ್ಣ ಬೇವಿನ ಮರದವರೆಗೂ ಬರುತ್ತಿರಲಿಲ್ಲ, ಕಡಗ ಬಂದರೆ ತೊಟ್ಟುಕೋ, ಶಾಲು ಬಂದರೆ ಹೊದ್ದುಕೋ ಎಂದರು. ಮಹಾರುದ್ರ ಸಮಾಧಾನದಿಂದ ಕಾಲುಮುಟ್ಟಿ ನಮಸ್ಕರಿಸಿ ಹೊರಡಲು ಎದ್ದ. ಗುರುಗಳು ಅವನ ತಲೆಯ ಮೇಲೆ ಇಟ್ಟ ಕೈಯನ್ನು ತೆಗೆಯದೆ ಹೇಳಿದರು.

“ಇಷ್ಟು ಮಂದಿ ಏನಂದ್ರು ಅಂತ ಹೇಳಿದಿ, ತಮ್ಮಾ, ನೀ ಯಾರ ಸಲುವಾಗಿ ಬರೆದಿದ್ದಿ, ಅವರು ಏನಂದ್ರು?”