ಮಾಳಿಗೆ ಏರಿದ ಕೌದಿ

ಒದ್ದೆ ಕೌದಿಯನ್ನು ಒಬ್ಬನೇ ಹಿಂಡುವ ಗಂಡಸು ನಮ್ಮ ಓಣಿಯಲ್ಲಿ ನಾನು ಮಾತ್ರ. ಹಿಂಡಿದ ನೀರಿಗೆ ಬಾವಿಯೇ ತುಂಬಿತ್ತು. ಅಂಥ ನನ್ನನ್ನು ಮನೆ ಮಾಲೀಕ ಚನ್ನವೀರಪ್ಪ ಮಾಳಿಗೆಯ ಮೆಟ್ಟಿಲಲ್ಲೇ ತಡೆದ.

"ಬಾಡಿಗೆಯವರ ಹಾಸಿಗಿ ನನ್ನ ಮಾಳಗಿ ಮ್ಯಾಲ ಬ್ಯಾಡ. ನಿಮ್ಮ ಬಾಗಿಲ ಮುಂದ ಒಣಗಿಸ್ಕೋರಿ."

ಮೈಯೆಲ್ಲ ಉರಿಯಿತು. ಈ ಚಳಿಯಲ್ಲಿ ಕೆಮ್ಮುವ ನನ್ನ ಹೆಂಡತಿಗೆ ರಾತ್ರಿ ಹೊದೆಯಲು ಇದ್ದದ್ದು ಅದೊಂದೇ.

ಬಾಗಿಲ ಮುಂದೆಯೇ ಹಗ್ಗ ಕಟ್ಟಿ ಹರವಿದೆ. ಅದರ ನೆರಳು, ಅಂಗಳದಲ್ಲಿ ಎಣ್ಣೆ ಹಚ್ಚಿಕೊಂಡು ಬಿಸಿಲು ಕಾಯಿಸಿಕೊಳ್ಳುತ್ತ ಕೂತ ಚನ್ನವೀರಪ್ಪನ ಬರಿಮೈ ಮೇಲೆ ಬಿತ್ತು. ಅವನು ಕುರ್ಚಿ ಸರಿಸಿದ. ನಾನು ಕೌದಿಯನ್ನೂ ಅತ್ತಲೇ ಸರಿಸಿದೆ.

"ಮಾಳಗಿಗೆ ಒಯ್ಯೋ ಅದನ್ನ" ಎಂದು ಹಲ್ಲು ಕಡಿದ.

"ಹಿಂಡಿ ಹಿಂಡಿ ಕೈ ಸೋತಾವ್ರಿ."

ಬೈಯುತ್ತಲೇ ಕೌದಿಯನ್ನು ತಾನೇ ಹೊತ್ತು ಮೆಟ್ಟಿಲೇರಿದ. ನಾನು ಅವನ ಕುರ್ಚಿಯಲ್ಲಿ ಕೂತು ಕೂಗಿದೆ: "ಬಿಚ್ಚಿ ಹಾಕ್ರಿ, ಯಜಮಾನ್ರ. ಮಡಚಿದ್ರ ಒಣಗೂದಿಲ್ಲ."