ಕೊಕ್ಕರೆಯ ಗೂಡಿಗೆ ಹನ್ನೊಂದು ಕಲ್ಲು

ಹೂಡಿಕೆದಾರರ ಸಮಾವೇಶದ ಕರೆಗೆ ಓಗೊಟ್ಟು ಯುರೋಪಿನಿಂದ ಕೊಕ್ಕರೆಯೊಂದು ಕೆರೆಗೆ ಹಾರಿಬಂತು. ಮೊಟ್ಟೆಯಿಡುವ ದಿನ ಹತ್ತಿರವಾಗಿತ್ತು. ಸ್ವಾಗತ ಸಮಿತಿಯ ಅಧ್ಯಕ್ಷ ಆಮೆಯನ್ನು ಕಂಡು, "ದಂಡೆಯ ಜಾಲಿಮರದಲ್ಲಿ ಗೂಡು ಕಟ್ಟಬಹುದೇ?" ಎಂದು ಕೇಳಿತು.

"ಧಾರಾಳವಾಗಿ! ನಮ್ಮಲ್ಲಿ ಎಲ್ಲಕ್ಕೂ ಏಕಗವಾಕ್ಷಿ. ಮೊದಲು ಶಂಕುಸ್ಥಾಪನೆ ಆಗಿಬಿಡಲಿ," ಎಂದಿತು ಆಮೆ.

ಶಂಕುಸ್ಥಾಪನೆಗೆ ಮಂತ್ರಿಗಳಾದ ಆನೆ ಸಾಹೇಬರು ಬಂದರು. ಕೊಕ್ಕರೆಗೆ ಹಾರ ಹಾಕಿ, ಮೈಸೂರು ಪೇಟ ತೊಡಿಸಿ, ಒಂದು ಗಂಟೆ ಭಾಷಣ ಮಾಡಿ, ತಮ್ಮ ಹೆಸರು ಕೆತ್ತಿದ ಕಲ್ಲನ್ನು ಮರದ ಕವಲಿನಲ್ಲಿಟ್ಟು ಹೋದರು. ಕವಲು ಭರ್ತಿಯಾಯಿತು.

"ಸ್ವಾಮಿ, ಈ ಕಲ್ಲು ತೆಗೆಸಿದರೆ ಗೂಡು ಕಟ್ಟುತ್ತೇನೆ," ಎಂದಿತು ಕೊಕ್ಕರೆ.

"ಛೆ ಛೆ! ಅದರಲ್ಲಿ ಸಾಹೇಬರ ಹೆಸರಿದೆ. ಅವರು ಕಲ್ಲು ಇಡಲು ಬರುತ್ತಾರೆ, ತೆಗೆಯಲು ಬರುವುದಿಲ್ಲ. ಬೇಕಾದರೆ ಪಕ್ಕದ ಕವಲಿಗೂ ಶಂಕುಸ್ಥಾಪನೆ ಮಾಡಿಸೋಣ."

ವಾರ ಕಳೆಯುವುದರೊಳಗೆ ಮರದ ಹನ್ನೊಂದು ಕವಲುಗಳಲ್ಲೂ ಕಲ್ಲು ಕೂತಿತು. ಇನ್ನು ತಡೆಯಲಾರದೆ ಕೊಕ್ಕರೆ ತಲೆಯ ಪೇಟವನ್ನು ತೆಗೆದು, ಮರದ ಬುಡದಲ್ಲಿ ಅಂಗಾತ ಇಟ್ಟು, ಅದರೊಳಗೇ ಮೊಟ್ಟೆಯಿಟ್ಟಿತು.

ಆಮೆ ಹೌಹಾರಿತು. "ಶಂಕುಸ್ಥಾಪನೆಯಿಲ್ಲದ ಗೂಡೇ? ಶುದ್ಧ ಅಕ್ರಮ! ಆದರೂ ನೀವು ಅತಿಥಿಗಳು, ಸಕ್ರಮ ಮಾಡಿಕೊಡೋಣ," ಎನ್ನುತ್ತಾ, ಪೇಟದೊಳಗೆ ಇಡಲು ಹನ್ನೆರಡನೆಯ ಕಲ್ಲು ತರುವಂತೆ ಆನೆ ಸಾಹೇಬರಿಗೆ ಹೇಳಿಕಳಿಸಿತು.