ಅರೆಗನ್ನಡಿಯ ಪಾಲು

ದುರ್ಬೀನಿನ ಕಾರ್ಖಾನೆಯಲ್ಲಿ ಹೊಸ ಕನ್ನಡಿಯೊಂದನ್ನು ಪರೀಕ್ಷೆಗೆಂದು ಅರೆಗನ್ನಡಿಯ ಹಿಂದೆ ತಂದು ನಿಲ್ಲಿಸಿದರು.

"ನೀನು ಅತ್ತ ಗಾಜೂ ಅಲ್ಲ, ಇತ್ತ ಕನ್ನಡಿಯೂ ಅಲ್ಲ. ನನ್ನ ಸಮತಟ್ಟನ್ನು ನೀನೇನು ಅಳೆಯುತ್ತೀಯೆ?" ಎಂದು ಅದು ನಕ್ಕಿತು.

ಅರೆಗನ್ನಡಿಗೆ ಈ ಮಾತು ಹೊಸದಲ್ಲ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅರ್ಧವನ್ನು ಹಿಂದಿದ್ದ ಹೊಸ ಕನ್ನಡಿಗೆ ದಾಟಿಸಿತು, ಇನ್ನರ್ಧವನ್ನು ಪಕ್ಕದಲ್ಲಿ ಅಳತೆಗೆಂದೇ ಇಟ್ಟಿದ್ದ ಸಮತಟ್ಟಾದ ಹಳೆಯ ಕನ್ನಡಿಗೆ ತಿರುಗಿಸಿತು. ಎರಡೂ ಮರಳಿ ಬಂದು ಅದರಲ್ಲೇ ಕೂಡಿದಾಗ ಪರದೆಯ ಮೇಲೆ ಕಪ್ಪುಬಿಳಿ ಪಟ್ಟೆಗಳು ಮೂಡಿದವು. ಹೊಸ ಕನ್ನಡಿ ಸಮತಟ್ಟಾಗಿದ್ದ ಕಡೆಯೆಲ್ಲ ಅವು ನೆಟ್ಟಗಿದ್ದವು, ಒಂದು ಕಡೆ ಮಾತ್ರ ಡೊಂಕಾಗಿದ್ದವು.

"ಕೂದಲೆಳೆಯ ಸಾವಿರದಲ್ಲೊಂದು ಪಾಲು ಉಬ್ಬಿದೆ," ಎಂದು ಕನ್ನಡಿ ಉಜ್ಜುವ ನೇಮಣ್ಣ ಅಲ್ಲಿ ಹೊಳಪಿನ ಪುಡಿ ಹಚ್ಚಿದ ಹೆಬ್ಬೆರಳಿಂದ ನಾಲ್ಕು ಸಲ ತಿಕ್ಕಿದ. ಪಟ್ಟೆಗಳು ನೆಟ್ಟಗಾದವು. ಬೆಟ್ಟದ ದುರ್ಬೀನಿಗೆ ಹೊರಟ ಹೊಸ ಕನ್ನಡಿ ಹಿಗ್ಗಿ ಕೇಳಿತು:

"ನೀನು ಪೂರ್ತಿ ಕನ್ನಡಿಯಾಗಿದ್ದಿದ್ದರೆ?"

"ಬೆಳಕೆಲ್ಲ ನನ್ನಿಂದಲೇ ತಿರುಗಿಬಿಡುತ್ತಿತ್ತು. ನೀನು ಇಲ್ಲೇ ನನ್ನ ಹಿಂದೆ ಕತ್ತಲಲ್ಲಿ ನಿಂತಿರುತ್ತಿದ್ದೆ."